ಮಗ್ಗದ ಡ್ರೈವರ್

ಬೀದಿಯ ಜನ ಅವನನ್ನು ಡ್ರೈವರ್ ಎಂದೇ ಕರೆಯುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಆ ಹೆಸರನ್ನು ನಂಬಿ, ಮನೆ ಸಾಮಾನು ಸಾಗಿಸಬೇಕು ಗಾಡಿ ಇದೆಯೇ ಎಂದು ಅವನ ಬಾಗಿಲು ತಟ್ಟಿದ್ದುಂಟು. ಒಳಗೆ ಹೋಗಿ ನೋಡಿದರೆ ಅರವತ್ತು ದಾಟಿದ ಮನುಷ್ಯನೊಬ್ಬ, ನೆಲದಲ್ಲಿ ತೋಡಿದ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟುಕೊಂಡು ಮಗ್ಗದ ಮುಂದೆ ಕೂತಿರುತ್ತಾನೆ. ಬಸ್ಸು ಲಾರಿ ಹಾಗಿರಲಿ, ಸೈಕಲ್ಲನ್ನೂ ಅವನು ನೆಟ್ಟಗೆ ತುಳಿದವನಲ್ಲ. ಒಂದೇ ಒಂದು ಸಲ ತುಳಿದಾಗ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರ ನಡುವೆ ಹೋಗಿ ಇಳಿದಿದ್ದ.

ಹಾಗೆಂದು ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವನು ಬಟ್ಟೆ ನೇಯುವುದಿಲ್ಲ, ಬಸ್ಸು ಓಡಿಸುತ್ತಾನೆ. ಎಡಗಾಲಿನಡಿಯ ಹಲಗೆ ಅವನ ಪಾಲಿಗೆ ಕ್ಲಚ್ಚು, ಬಲಗಾಲಿನದು ಬ್ರೇಕು. ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಓಡಿಸಲು ಜಗ್ಗುವ ಹಗ್ಗ ಹಾರನ್ನು. ಎಳೆ ಹರಿದರೆ ಪಂಕ್ಚರ್, ಅಂಚಿನ ಬಣ್ಣ ಬದಲಾಗುವ ಜಾಗ ತಿರುವು, ಕಂಡಿಕೆಯ ನೂಲು ಮುಗಿದರೆ ಡೀಸೆಲ್ ಖಾಲಿ. ಡೀಸೆಲ್ ಎಂದು ಅವನು ಕೂಗಿದಾಗ ರಾಟೆಯ ಮುಂದೆ ಕೂತ ಹೆಂಡತಿ ನೂಲು ಸುತ್ತಿದ ಹೊಸ ಕಂಡಿಕೆಯೊಂದನ್ನು ಅವನ ಕಡೆ ಎಸೆಯುತ್ತಾಳೆ. ಅವಳ ಮೂಡು ಸರಿಯಿಲ್ಲದಿದ್ದರೆ ಅದು ನೇರವಾಗಿ ಅವನ ಬೆನ್ನಿಗೆ ಬೀಳುತ್ತದೆ.

ಈ ಮನೆತನದ ನೇಯ್ಗೆ ಶುರುವಾದದ್ದು ಅವನ ಮುತ್ತಜ್ಜನಿಂದ. ಮುತ್ತಜ್ಜ ಗುಂಡಿ ತೋಡಿದ, ಮಗ್ಗ ಹೂಡಿದ, ಈ ಮನೆಯ ಮಗ್ಗ ಯಾವತ್ತೂ ಬರಿದಾಗಕೂಡದು ಎಂದು ಒಂದು ಕಟ್ಟಳೆಯನ್ನೂ ಮಾಡಿಟ್ಟ. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ನೂಲು ಮುಗಿಯುತ್ತ ಬಂದು ಇನ್ನೊಂದು ಮೊಳ ಉಳಿದಿದೆ ಎನ್ನುವಾಗಲೇ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸೆಯಬೇಕು. ಹೊಸೆದು ಮುಂದಕ್ಕೆ ಎಳೆದರೆ ಹೊಸ ನೂಲು ಹಳೆಯದರ ಬಾಲ ಹಿಡಿದುಕೊಂಡು ಹಣಿಗೆಯ ಹಲ್ಲುಗಳ ನಡುವೆ ತಾನಾಗಿಯೇ ನುಸುಳಿ ಬರುತ್ತದೆ. ಬರಿದಾದ ಹಣಿಗೆಗೆ ಮೊದಲಿನಿಂದ ನೂಲು ಪೋಣಿಸುವುದೆಂದರೆ ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಕಣ್ಣು ಕಳೆದುಕೊಳ್ಳುವ ಕೆಲಸ. ಮುತ್ತಜ್ಜ ಸೋಮಾರಿಯಾಗಿದ್ದ, ಅಷ್ಟೇ ವಿಷಯ. ಸೋಮಾರಿತನಕ್ಕೆ ಕಟ್ಟಳೆ ಎಂದು ಹೆಸರಿಟ್ಟರೆ ಮಕ್ಕಳು ಮೊಮ್ಮಕ್ಕಳು ಎದುರಾಡದೆ ಕೈಕಟ್ಟಿ ನಿಲ್ಲುತ್ತಾರೆ ಎಂಬುದನ್ನು ಕಂಡುಕೊಂಡ ಜಾಣನೂ ಆಗಿದ್ದ.

ಕಟ್ಟಳೆಗೆ ಇನ್ನೂ ಒಂದು ತುಂಡಿತ್ತು. ಹೊಸ ಹಾಸಿನ ಮೊದಲ ಎಳೆಯನ್ನು ಯಾರು ಹೊಸೆಯುತ್ತಾರೋ ಆ ಹಾಸನ್ನು ಅವರೇ ನೇಯಬೇಕು. ಮಿಕ್ಕ ಎಳೆಗಳನ್ನು ಮನೆಯವರು ಯಾರು ಬೇಕಾದರೂ ಹೊಸೆಯಬಹುದು, ಮೊದಲನೆಯದು ಮಾತ್ರ ಕೊರಳಿಗೆ ಬಿದ್ದ ಹಾಗೆ. ಕೂತವನು ಏಳಬೇಕಾದರೆ ಇನ್ನೊಬ್ಬರು ಬಂದು ಮೊದಲ ಎಳೆ ಹೊಸೆಯಬೇಕು, ಬೇರೆ ದಾರಿಯಿಲ್ಲ.

ಮಗ್ಗ ಈ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಮಗ್ಗ ಬರಿದು ಮಾಡಿದವನೆಂಬ ಹೆಸರೂ ಯಾರಿಗೂ ಬೇಕಿರಲಿಲ್ಲ. ಹಾಗಾಗಿ ಮುಂದಿನವನಿಗೆ ಟೋಪಿ ಹಾಕುವುದೊಂದೇ ಉಳಿದದ್ದು. ಮುತ್ತಜ್ಜ ಇಂದೋ ನಾಳೆಯೋ ಎನ್ನುವ ಹಾಗೆ ಚಾಪೆ ಹಿಡಿದು, ಕಡೆಯ ಆಸೆಯೆಂದು ಮಗನ ಕೈಯಲ್ಲಿ ಒಂದು ಎಳೆ ಹೊಸೆಸಿದ. ಹೊಸೆದದ್ದೇ ತಡ, ಎದ್ದು ಕೂತು ಹೊಟ್ಟೆ ತುಂಬ ಉಂಡ, ಮಗನ ತಲೆ ನರೆಯುವವರೆಗೂ ಗುಂಡುಕಲ್ಲಿನ ಹಾಗೆ ಬದುಕಿದ. ಆ ಮಗ, ಅಂದರೆ ಡ್ರೈವರನ ತಾತ, ತನ್ನ ಸರದಿ ಬಂದಾಗ ಕಣ್ಣು ಮಂಜಾಯಿತೆಂದು ಹೇಳಿಕೊಂಡು ಗೋಡೆ ಬಾಗಿಲುಗಳಿಗೆ ಢಿಕ್ಕಿ ಹೊಡೆಯುತ್ತ ಓಡಾಡತೊಡಗಿದ. ಮೊದಲ ಎಳೆ ಎಲ್ಲಿದೆ ಸ್ವಲ್ಪ ತೋರಿಸಪ್ಪ ಎಂದು ಮಗನನ್ನು ಕರೆದ, ಪಾಪದ ಮಗ ತೋರಿಸಿದ್ದಲ್ಲದೆ ಹೊಸೆದೂ ಕೊಟ್ಟ. ಮರುದಿನ ತಾತ ಬೀದಿಯ ಆ ತುದಿಯಲ್ಲಿ ನಿಂತು ಈ ತುದಿಯಲ್ಲಿ ಹಾರುವ ಗಾಳಿಪಟದ ಬಣ್ಣ ಹೇಳುತ್ತಿದ್ದ.

ಬಟ್ಟೆ ಅಂಗಡಿಯ ಯಜಮಾನರು ಆಗಾಗ ದೊಡ್ಡ ಗಿರಾಕಿಗಳನ್ನು ಕರೆದುಕೊಂಡು ಬಂದು, ನಾಲ್ಕು ತಲೆಮಾರಿನಿಂದ ತಂದೆ ಮಗನಿಗೆ ಧಾರೆಯೆರೆದ ವಿದ್ಯೆ ಇದು ಎಂದು ಹೊಗಳುತ್ತಾರೆ. ಡ್ರೈವರ್ ಲಾಳಿ ನಿಲ್ಲಿಸಿ ತಿದ್ದುತ್ತಾನೆ. ವಿದ್ಯೆ ಅಲ್ಲ ಸ್ವಾಮಿ, ಮೋಸ ಎನ್ನುತ್ತಾನೆ. ಗಿರಾಕಿಗಳು ಅದನ್ನು ವಿನಯವೆಂದು ತಿಳಿದು ಇನ್ನೂ ಎರಡು ಬಟ್ಟೆ ಹೆಚ್ಚಿಗೆ ತೆಗೆದುಕೊಂಡು ಹೋಗುತ್ತಾರೆ.

ಅವನು ಮೋಸಹೋದ ಕಥೆ ಬೀದಿಗೆಲ್ಲ ಬಾಯಿಪಾಠ, ಏಕೆಂದರೆ ಅವನೇ ದಿನಕ್ಕೊಮ್ಮೆ ಹೇಳುತ್ತಾನೆ. ಹರೆಯದಲ್ಲಿ ಅವನಿಗೆ ಒಂದು ಖಾಸಗಿ ಬಸ್ಸಿನಲ್ಲಿ ಕ್ಲೀನರ್ ಕೆಲಸ ಗೊತ್ತಾಗಿತ್ತು. ಒಂದೆರಡು ವರ್ಷ ಗಾಜು ಒರೆಸಿದರೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸುತ್ತೇನೆಂದು ಬಸ್ಸಿನ ಮಾಲೀಕ ಮಾತು ಕೊಟ್ಟಿದ್ದ. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಸೇರಬೇಕು, ಹೊಲಿಸಿ ತಂದ ಖಾಕಿ ಅಂಗಿ ಗೂಟದಲ್ಲಿ ನೇತಾಡುತ್ತಿದೆ. ಅಷ್ಟರಲ್ಲಿ ಅಪ್ಪ ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿಕೊಂಡು ನರಳುತ್ತ ಬಂದ. ಬೆರಳು ಕೊಯ್ದುಕೊಂಡಿದ್ದೇನೆ, ಒಂದೇ ಒಂದು ಎಳೆ ಹೊಸೆದುಕೊಟ್ಟು ಹೋಗು, ಮಿಕ್ಕದ್ದನ್ನು ನಾನು ಹೇಗೋ ನೋಡಿಕೊಳ್ಳುತ್ತೇನೆ ಎಂದ. ಮಗ ಹೊಸೆದ. ಅಪ್ಪ ಬೆರಳಿನ ಬಟ್ಟೆ ಬಿಚ್ಚಿ ಗುಂಡಿಯೊಳಗೆ ಒಗೆದು, ಟೀ ಅಂಗಡಿಗೆ ಹೋಗಿ ಕೂತವನು ಬದುಕಿರುವವರೆಗೂ ಅಲ್ಲೇ ಕೂತ. ಖಾಕಿ ಅಂಗಿ ಮಗ್ಗದ ಧೂಳು ಹೊಡೆಯುವ ಬಟ್ಟೆಯಾಯಿತು.

ಅಪ್ಪ ಇದ್ದಾಗಲೂ ಡ್ರೈವರ್ ಈ ಕಥೆಯನ್ನು ಅಪ್ಪನ ಎದುರಿಗೇ, ಟೀ ಅಂಗಡಿಯಲ್ಲೇ ನಿಂತು ಹೇಳುತ್ತಿದ್ದ. ನನ್ನ ಬಾಳು ಹಾಳು ಮಾಡಿದ ಮನುಷ್ಯ ಇಲ್ಲಿ ಆರಾಮಾಗಿ ಕಾಲು ಚಾಚಿಕೊಂಡಿದ್ದಾನೆ ನೋಡಿ ಎಂದು ಎಲ್ಲರಿಗೂ ತೋರಿಸುತ್ತಿದ್ದ. ಅಪ್ಪ ನಕ್ಕು, ಮಗನಿಗೂ ಸೇರಿಸಿ ಎರಡು ಟೀ ಹೇಳುತ್ತಿದ್ದ.

ಆ ಎಳೆ ಹೊಸೆದ ದಿನದಿಂದ ಅವನು ಬಸ್ಸು ಹತ್ತಿಲ್ಲ. ಮದುವೆಯ ದಿನ ನೆಂಟರ ಜೊತೆ ಒಮ್ಮೆ ಹತ್ತಿದ್ದೇ ಕೊನೆ. ಪೇಟೆಗೆ ನಡೆದೇ ಹೋಗುತ್ತಾನೆ. ಸ್ಟೇರಿಂಗ್ ಹಿಡಿಯಬೇಕಾದವನು ಪ್ರಯಾಣಿಕನ ಹಾಗೆ ಸೀಟು ಹುಡುಕಿಕೊಂಡು ಕೂರುವುದು ಮಾನಗೇಡು ಎನ್ನುತ್ತಾನೆ.

ಹೆಂಡತಿ ನೇಕಾರರ ಮನೆಯಿಂದ ಬಂದವಳಲ್ಲ. ಬೀಗ ರಿಪೇರಿ ಮಾಡುವವನ ಮಗಳು, ಯಾವ ಬಾಗಿಲು ಯಾವ ಕೀಲಿಗೆ ತೆರೆಯುತ್ತದೆಂದು ಸದ್ದಿಲ್ಲದೆ ನೋಡಿಟ್ಟುಕೊಳ್ಳುವ ಜಾತಿಯವಳು. ಗಂಡನ ಗೊಣಗಾಟವನ್ನು ರಾಟೆಯ ಸದ್ದಿನ ಜೊತೆ ಸೇರಿಸಿಬಿಟ್ಟಿದ್ದಳು, ಎರಡೂ ನಿಂತರೆ ಮಾತ್ರ ಅವಳಿಗೆ ಗಾಬರಿಯಾಗುತ್ತಿತ್ತು. ಇರುವವಳು ಒಬ್ಬಳೇ ಮಗಳು. ತೊಟ್ಟಿಲಿನಿಂದಲೂ ಕ್ಲಚ್ಚು ಬ್ರೇಕು ಎಂದು ಕೇಳಿಸಿಕೊಂಡು ಬೆಳೆದ ಹುಡುಗಿ, ಓದು ಮುಗಿಸಿ ನೇರವಾಗಿ ಹೋಗಿ ಸಿಟಿ ಬಸ್ಸಿನ ಡ್ರೈವರ್ ಆದಳು. ಅಪ್ಪ ಬಾಯಲ್ಲಿ ಓಡಿಸಿದ್ದನ್ನು ಅವಳು ರಸ್ತೆಯಲ್ಲಿ ಓಡಿಸುತ್ತಾಳೆ.

ಮಗಳ ಬಸ್ಸು ಬೆಳಿಗ್ಗೆ ಬೀದಿಯ ತುದಿಯಲ್ಲಿ ಹಾದುಹೋಗುವಾಗ ಒಂದು ಸಲ ಹಾರನ್ ಹೊಡೆಯುತ್ತದೆ. ಅವನು ಲಾಳಿ ನಿಲ್ಲಿಸಿ ಕಿವಿಗೊಡುತ್ತಾನೆ. ಗೇರು ಬದಲಿಸಿದ್ದು ತಡವಾಯಿತು, ತಿರುವಿನಲ್ಲಿ ಬ್ರೇಕು ಜೋರಾಯಿತು ಎಂದು ತಪ್ಪು ಎಣಿಸುತ್ತಾನೆ. ಮುಖ ಮಾತ್ರ ಊರಗಲವಾಗಿರುತ್ತದೆ. ತನ್ನ ಬಸ್ಸಿನಲ್ಲಿ ಒಂದು ಸುತ್ತು ಬಾ ಎಂದು ಅವಳು ಕರೆದಾಗಲೆಲ್ಲ ಒಂದಲ್ಲ ಒಂದು ನೆಪ ಹೇಳಿ ಜಾರಿಕೊಳ್ಳುತ್ತಾನೆ. ಅವಳ ವಿಷಯದಲ್ಲಿ ಅವನದು ಒಂದೇ ಹಟ. ಮನೆತನದ ಟೋಪಿ ತನ್ನ ತಲೆಗೇ ಕೊನೆ, ಮಗಳ ತಲೆಗೆ ಅದು ಹೋಗಬಾರದು. ಅವಳು ಚಿಕ್ಕವಳಿದ್ದಾಗ ಹಾಸು ಮುಗಿಯುವ ಹೊತ್ತಿಗೆ ಅವಳನ್ನು ಅಜ್ಜಿ ಮನೆಗೆ ಅಟ್ಟಿಬಿಡುತ್ತಿದ್ದ. ಬೂದಿ ಬಟ್ಟಲನ್ನು ಅವಳ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡುತ್ತಿದ್ದ.

ಈ ವರ್ಷ ಅವನ ಮೊಣಕಾಲುಗಳು ಕೈಕೊಟ್ಟವು. ನೇಯುವುದಕ್ಕೆ ತೊಂದರೆಯಿಲ್ಲ, ಹಲಗೆ ತುಳಿಯುವಷ್ಟು ಕಸುವು ಇನ್ನೂ ಇದೆ. ಗುಂಡಿಗೆ ಇಳಿಯುವುದು, ಇಳಿದ ಮೇಲೆ ಹತ್ತುವುದು, ಇವೆರಡೇ ಕಷ್ಟ. ಹೆಂಡತಿ ಕಂಕುಳಿಗೆ ಕೈಕೊಟ್ಟು ಬಾವಿಯಿಂದ ಕೊಡ ಎತ್ತುವ ಹಾಗೆ ಎತ್ತಬೇಕು. ಒಂದು ಮಧ್ಯಾಹ್ನ ಅವಳು ಪೇಟೆಗೆ ಹೋದವಳು ಯಾರದೋ ಜೊತೆ ಮಾತಿಗೆ ನಿಂತಳು. ಇವನು ಒಂದು ಚೊಂಬು ನೀರು ಕುಡಿದು ಗುಂಡಿಗಿಳಿದಿದ್ದ. ಅವಳು ಬರುವ ಹೊತ್ತಿಗೆ ಆ ಚೊಂಬು ನೀರು ಅವನಿಗೆ ಬದುಕಿನ ಬಗ್ಗೆ ಬಹಳ ವಿಷಯ ಕಲಿಸಿತ್ತು. ಡಾಕ್ಟರು ಮೊಣಕಾಲು ಒತ್ತಿ ನೋಡಿ, ಗುಂಡಿ ಹತ್ತಿಳಿಯುವುದನ್ನು ಬಿಡಬೇಕು ಎಂದರು. ಇಳಿಯದೆ ನೇಯುವುದು ಹೇಗೆ ಎಂದು ಕೇಳಿದ್ದಕ್ಕೆ ಅದು ತಮ್ಮ ವಿಭಾಗವಲ್ಲ ಎಂದರು.

ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಿತ್ತು. ಗಂಜಿ ಹಾಕಿ ಒಣಗಿಸಿ ಸುತ್ತಿದ ಹೊಸ ಹಾಸು ಗೋಡೆಗೊರಗಿ ಕಾಯುತ್ತಿತ್ತು. ಮೊದಲ ಎಳೆ ತಾನು ಹೊಸೆದರೆ ಆ ಉದ್ದದ ಹಾಸನ್ನು ಈ ಮೊಣಕಾಲಲ್ಲಿ ಮುಗಿಸಬೇಕು. ಯಾರೂ ಹೊಸೆಯದಿದ್ದರೆ ಮಗ್ಗ ಬರಿದಾಗುತ್ತದೆ, ಮನೆತನದಲ್ಲಿ ಆ ಹೆಸರು ಹೊತ್ತ ಮೊದಲನೆಯವನು ತಾನಾಗುತ್ತಾನೆ. ಮಗಳು ಹೊಸೆದರೆ ಅವಳ ಬಸ್ಸು ಹೋಗುತ್ತದೆ. ಮೂರರಲ್ಲಿ ಯಾವುದನ್ನು ನೆನೆದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಮೊದಲು ತಮ್ಮನ ಮೇಲೆ ಕಣ್ಣು ಹಾಕಿದ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ತಮ್ಮ, ಹರೆಯದಲ್ಲೇ ಕಾಲಿಗೆ ಬುದ್ಧಿ ಹೇಳಿ ಮಗ್ಗದಿಂದ ಪಾರಾದವನು. ಅಣ್ಣನಿಗೆ ಹುಷಾರಿಲ್ಲ ಎಂದು ಸುದ್ದಿ ಹೋದಾಗ ಬಂದ, ಆದರೆ ಹೊಸ್ತಿಲ ಆಚೆಗೇ ನಿಂತ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಅತ್ತಿಗೆ ಕಾಫಿ ತಂದುಕೊಟ್ಟರೂ ಕೈ ಹೊರಗೆ ಬರಲಿಲ್ಲ, ಕಾಫಿ ಬಿಟ್ಟಿದ್ದೇನೆ ಎಂದ. ಡ್ರೈವರ್ ಬೆನ್ನು ತಟ್ಟುವ ನೆಪದಲ್ಲಿ ಎದ್ದರೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಅದೇ ಅಪ್ಪನಿಗೇ ನಾನೂ ಹುಟ್ಟಿದ್ದೇನೆ ಅಣ್ಣಾ ಎಂದು ಹೇಳಿ ಬಂದ ದಾರಿಯಲ್ಲೇ ಹೋದ.

ಆಮೇಲೆ ಹೆಂಡತಿಗೆ ಬೆಣ್ಣೆ ಹಚ್ಚಿದ. ನಿನ್ನ ಬೆರಳಿನ ನಯ ನನ್ನ ಬೆರಳಿಗೆಲ್ಲಿ ಬರಬೇಕು ಎಂದು ಶುರು ಮಾಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಹೊಗಳಿಕೆ ಕೇಳಿದ ಅವಳು ರಾಟೆ ನಿಲ್ಲಿಸಿ ಕೇಳಿಸಿಕೊಂಡಳು, ಪೂರ್ತಿ ಕೇಳಿಸಿಕೊಂಡ ಮೇಲೆ ಉತ್ತರ ಕೊಟ್ಟಳು.

"ನಾನು ಹೊಸೀತೀನಿ, ನೇಯ್ತೀನಿ. ನೀವು ನಾಳೆಯಿಂದ ಅಡುಗೆ ಮಾಡಿ, ಪಾತ್ರೆ ತೊಳೀರಿ, ಬಟ್ಟೆ ಒಗೀರಿ, ಕಂಡಿಕೆ ಸುತ್ತಿ. ನಾನು ಡೀಸೆಲ್ ಅಂದಾಗ ಎದ್ದು ಬಂದು ಕೊಡಿ."

ಅವನು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಅಪ್ಪನ ಉಪಾಯವನ್ನೇ ಪ್ರಯೋಗಿಸೋಣವೆಂದು ಒಂದು ದಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬೀದಿಗಿಳಿದ. ಎದುರು ಸಿಕ್ಕವರೆಲ್ಲ, ಹಾಸು ಮುಗೀತಾ ಬಂತಾ ಡ್ರೈವರೇ ಎಂದು ಕೇಳಿ ನಕ್ಕು ಮುಂದೆ ಹೋದರು. ತನ್ನ ಕಥೆಯನ್ನು ತಾನೇ ಊರಿಗೆಲ್ಲ ಡಂಗುರ ಸಾರಿದರೆ ಇನ್ನೇನಾಗುತ್ತದೆ.

ಕೊನೆಗೆ ಅವನಿಗೆ ಸಿಟ್ಟು ಬಂತು. ಹಾಳಾಗಿ ಹೋಗಲಿ, ಬರಿದಾದರೆ ಬರಿದಾಗಲಿ, ಸತ್ತ ಮುತ್ತಜ್ಜ ಎದ್ದು ಬಂದು ಕೇಳುತ್ತಾನಾ ಎಂದು ಘೋಷಿಸಿ, ಒಂದು ಮೊಳ ಹಾಸು ಉಳಿದಿರುವಾಗಲೇ ಮಗ್ಗ ಬಿಟ್ಟು ಎದ್ದ. ಜಗಲಿಯ ಬೆಂಚಿನ ಮೇಲೆ ಕೂತ. ಅರ್ಧ ದಿನಕ್ಕೆ ಬೀದಿ ನೋಡಿ ಮುಗಿಯಿತು. ಆಮೇಲೆ ಮನೆಯೊಳಗಿನದನ್ನು ನೋಡತೊಡಗಿದ. ಒಲೆಯ ಉರಿ ಜಾಸ್ತಿಯಾಯಿತು, ಪರಕೆಯನ್ನು ಹಿಡಿಯುವುದು ಹಾಗಲ್ಲ, ಚಾಪೆ ಸುತ್ತುವುದು ಹೀಗಲ್ಲ ಎಂದು ಹೆಂಡತಿಯ ಬೆನ್ನು ಬಿಡದೆ ತಿರುಗಿದ. ಕೂತಲ್ಲೇ ಅವನ ಕಾಲುಗಳು ಎಡ ಬಲ ಎಂದು ನೆಲ ತುಳಿಯುತ್ತಿದ್ದವು, ಬಲಗೈ ಗಾಳಿಯಲ್ಲಿ ಇಲ್ಲದ ಹಗ್ಗ ಜಗ್ಗುತ್ತಿತ್ತು. ಬೆಳಿಗ್ಗೆ ಮಗಳ ಬಸ್ಸಿನ ಹಾರನ್ ಕೇಳಿಸಿದರೆ, ನಿಲ್ಲಿಸಲು ಲಾಳಿಯೇ ಇಲ್ಲವಲ್ಲ ಎಂದು ಬೆಪ್ಪಾಗಿ ಕೂರುತ್ತಿದ್ದ. ಕೆಲವೇ ದಿನಕ್ಕೆ ಹೆಂಡತಿ ಸೋತು ಸುಣ್ಣವಾದಳು. ಮಗಳು ಡ್ಯೂಟಿ ಮುಗಿಸಿ ಬಂದಾಗ ಇಬ್ಬರೂ ಅಡುಗೆಮನೆಯಲ್ಲಿ ಬಹಳ ಹೊತ್ತು ಪಿಸಪಿಸ ಮಾತಾಡಿದರು. ತನ್ನನ್ನು ಮತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವ ಹುನ್ನಾರವಿರಬೇಕೆಂದು ಅವನು ಎಣಿಸಿದ.

ಮಗಳ ವಾರದ ರಜೆಯ ದಿನ. ಮಧ್ಯಾಹ್ನ ಉಂಡು ಬೆಂಚಿನ ಮೇಲೆ ತೂಕಡಿಸಿದವನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅಂಗಳದ ಹಗ್ಗದ ಮೇಲೆ ಒಗೆದು ಹಾಕಿದ ಅವಳ ಖಾಕಿ ಅಂಗಿ. ಒಳಗೆ ತಿರುಗಿ ನೋಡಿದರೆ ಮಗಳು ಮಗ್ಗದ ಹಿಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾಳೆ. ಹೊಸ ಹಾಸನ್ನು ಬಿಚ್ಚಿ ಮಗ್ಗಕ್ಕೆ ಆನಿಸಿದ್ದಾಳೆ. ಬೂದಿ ಬಟ್ಟಲು ಅಟ್ಟದಿಂದ ಇಳಿದು ಅವಳ ಮಗ್ಗುಲಿಗೆ ಬಂದಿದೆ. ಅವಳ ಹೆಬ್ಬೆರಳು ತೋರುಬೆರಳಿನ ನಡುವೆ ಎರಡು ಎಳೆಗಳಿವೆ.

ಅವನು ಬೆಂಚಿನ ಮೇಲೇ ನೆಟ್ಟಗೆ ಕೂತ. ಏನು ಮಾಡುತ್ತಿದ್ದೀಯ ಎಂದು ಕೇಳಿದ.

"ನೀನು ಏಳ್ಲಿ ಅಂತ ಕಾಯ್ತಿದ್ದೆ ಅಪ್ಪ. ಮೊದಲ ಎಳೆ ನಾನು ಹೊಸೀತೀನಿ. ನೀನು ತಾತನ ಹಾಗೆ ಟೀ ಅಂಗಡಿಗೆ ಹೋಗಿ ಕೂತ್ಕೋ."

ಬಸ್ಸು ಏನಾಗಬೇಕು ಎಂದ. ರಜೆಯ ದಿನಗಳಲ್ಲಿ ನೇಯುತ್ತೇನೆ, ಸಾಲದಿದ್ದರೆ ಕೆಲಸ ಬಿಡುತ್ತೇನೆ, ಕಟ್ಟಳೆಯೆಂದರೆ ಕಟ್ಟಳೆ ಎಂದಳು ಅವಳು. ಮನೆಗೆ ಬರುವಾಗ ಕೊತ್ತಂಬರಿ ತರುತ್ತೇನೆ ಎನ್ನುವಷ್ಟು ಸಲೀಸಾಗಿ ಹೇಳಿದಳು.

ಇಷ್ಟು ವರ್ಷ ಬಾಯಿ ಬಡಿದುಕೊಂಡು ಕೇಳಿದ ಬಿಡುಗಡೆ ಎದುರಿಗೆ ಬಂದು ಕೂತಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು. ಮುತ್ತಜ್ಜನಾಗಿದ್ದರೆ, ಅವನ ತಾತನಾಗಿದ್ದರೆ, ಉಸಿರು ಬಿಗಿಹಿಡಿದು ಸುಮ್ಮನಿರುತ್ತಿದ್ದರು. ಅವನಿಗೆ ಮೊದಲು ಬಂದದ್ದು ಮಗಳ ಬಸ್ಸು ಹೋಯಿತಲ್ಲ ಎಂಬ ಸಂಕಟ. ಅದರ ಬೆನ್ನಿಗೇ ಬಂದ ಇನ್ನೊಂದು ಅವನನ್ನು ನಾಚಿಸಿತು. ತನ್ನ ಮಗ್ಗದ ನೂಲು ಇನ್ನೊಬ್ಬರ ಬೆರಳಲ್ಲಿದೆ, ತಾನು ಕೂರುವ ಜಾಗದಲ್ಲಿ ಇನ್ನೊಬ್ಬರು ಕೂರುತ್ತಾರೆ ಎಂದು ಅವನಿಗೆ ಹೊಟ್ಟೆಕಿಚ್ಚಾಗಿತ್ತು, ಅದೂ ಹೆತ್ತ ಮಗಳ ಮೇಲೆ. ಮೊಣಕಾಲಿನ ನೋವು ಮರೆತು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಬಂದು, ಅವಳ ಮುಂದೆ ಧೊಪ್ಪನೆ ಕೂತ.

"ಬಿಡು ಅದನ್ನ."

"ಯಾಕೆ ಬಿಡ್ಬೇಕು? ತಾತ ನಿಂಗೆ ಟೋಪಿ ಹಾಕ್ದ. ನಂಗೆ ಯಾರೂ ಹಾಕ್ತಿಲ್ಲ, ನಾನಾಗೇ ಹಾಕ್ಕೋತಿದೀನಿ."

"ತಾತ ನಂಗೆ ಟೋಪಿ ಹಾಕ್ಲಿಲ್ಲ."

ಆ ಮಾತು ಹೊರಗೆ ಬಿದ್ದ ಮೇಲೆ ಮಿಕ್ಕದ್ದನ್ನು ತಡೆಯುವುದು ಅವನಿಂದಾಗಲಿಲ್ಲ. ಬೂದಿ ಬಟ್ಟಲಿನ ಕಡೆ ನೋಡಿಕೊಂಡೇ ಹೇಳಿದ.

"ಬೆರಳಿಗೆ ಸುತ್ಕೊಂಡಿದ್ದ ಬಟ್ಟೆ ಆಗ ತಾನೆ ಒಗೆದ ಹಾಗಿತ್ತು. ಒಂದು ಹನಿ ರಕ್ತ ಇರ್ಲಿಲ್ಲ. ನಾನು ನೋಡ್ದೆ. ನೋಡಿದ್ಮೇಲೇ ಹೊಸೆದೆ. ಅದರ ಹಿಂದಿನ ದಿನ ಆ ಮಾಲೀಕ ನನ್ನನ್ನ ಬಸ್ಸಲ್ಲಿ ಒಂದು ಸುತ್ತು ಕರ್ಕೊಂಡು ಹೋಗಿದ್ದ. ಊರು ದಾಟೋಕ್ಕೆ ಮುಂಚೆ ಅವನ ಹೊಸ ಚಪ್ಪಲಿ ಮೇಲೆ ವಾಂತಿ ಮಾಡ್ಕೊಂಡೆ. ವಾಪಸ್ ಬರೋವಾಗ ಇನ್ನೊಂದು ಸಲ. ನಂಗೆ ಬಸ್ಸು ಆಗಲ್ಲ ಕಣೇ. ಹತ್ತಿದ್ರೆ ಹೊಟ್ಟೆ ತೊಳಸುತ್ತೆ. ಆ ಬಟ್ಟೆ ಸುತ್ತಿದ ಬೆರಳು ನೋಡಿದಾಗ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ?"

ಮಾಲೀಕ ಚಪ್ಪಲಿ ತೊಳೆದುಕೊಂಡು ನೇರವಾಗಿ ಟೀ ಅಂಗಡಿಗೆ ಹೋಗಿ, ಟೀ ಕುಡಿಯಲು ಬಂದಿದ್ದ ಅಪ್ಪನಿಗೆ ವಿಷಯ ಹೇಳಿದ್ದ. ಅದು ಡ್ರೈವರನಿಗೆ ಎಷ್ಟೋ ದಿನದ ಮೇಲೆ ಟೀ ಅಂಗಡಿಯವನಿಂದ ತಿಳಿದಿತ್ತು. ಮಗ ಬೀದಿಗೆಲ್ಲ ಡ್ರೈವರ್ ಆಗುತ್ತೇನೆಂದು ಹೇಳಿ ಖಾಕಿ ಅಂಗಿ ಹೊಲಿಸಿಯಾಗಿದೆ, ಈಗ ಆಗುವುದಿಲ್ಲ ಎಂದರೆ ತಲೆ ಎತ್ತಿ ತಿರುಗುವ ಹಾಗಿಲ್ಲ. ಅದಕ್ಕೇ ಅಪ್ಪ ಹೋಗಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ. ವಾಂತಿಯಾಯಿತು ಎನ್ನುವುದಕ್ಕಿಂತ ಮೋಸಹೋದೆ ಎನ್ನುವುದು ಮಗನಿಗೆ ಸುಲಭವಾಯಿತು. ಮೋಸಗಾರ ಎನ್ನಿಸಿಕೊಂಡು ಅಪ್ಪ ಅಷ್ಟು ವರ್ಷ ಎದುರಿಗೇ ಕೂತು ಟೀ ಕುಡಿದ, ಒಂದು ದಿನವೂ ಬಾಯಿ ಬಿಡಲಿಲ್ಲ. ಇದನ್ನೆಲ್ಲ ಡ್ರೈವರ್ ಬೂದಿ ಬಟ್ಟಲನ್ನು ಅತ್ತಿತ್ತ ಸರಿಸುತ್ತ ಹೇಳಿದ. ಅಪ್ಪ ಇದ್ದಾಗ ಒಂದು ಸಲವಾದರೂ ಗೊತ್ತಪ್ಪ ಎಂದು ಹೇಳಬಹುದಿತ್ತು, ಹೇಳಲಿಲ್ಲ ಎಂದ. ಆಮೇಲೆ ಮಗಳ ಕೈಯಿಂದ ಎಳೆಗಳನ್ನು ಬಿಡಿಸಿ, ಬೂದಿಗೆ ಬೆರಳು ಅದ್ದಿ, ಹಳೆಯ ಹಾಸಿನ ಒಂದು ಎಳೆಗೆ ಹೊಸ ಹಾಸಿನ ಒಂದು ಎಳೆಯನ್ನು ಸರಕ್ಕನೆ ಹೊಸೆದುಬಿಟ್ಟ.

ಮಗಳು ಉದ್ದಕ್ಕೆ ಉಸಿರು ಬಿಟ್ಟು, ಅಡುಗೆಮನೆಯ ಕಡೆ ತಿರುಗಿ ಕರೆದಳು.

"ಅಮ್ಮಾ, ಆಯ್ತು. ತಗೊಂಡು ಬಾ."

ಹೆಂಡತಿ ಹಿತ್ತಲ ಬಾಗಿಲಿನಿಂದ ಒಂದು ಉದ್ದನೆಯ ಕಬ್ಬಿಣದ ಕಂಬ ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ನಿಂತವರು ಬೀಳದಂತೆ ಹಿಡಿದುಕೊಳ್ಳುವ ಕಂಬ, ಹಿಡಿದು ಹಿಡಿದು ನಡುವೆ ಬಣ್ಣ ಹೋಗಿ ಹೊಳೆಯುತ್ತಿತ್ತು. ಅವಳ ಕಂಕುಳಲ್ಲಿ ರೆಗ್ಜಿನ್ ಹೊದಿಸಿದ ಒಂದು ದಪ್ಪ ಮೆತ್ತೆ. ಡಿಪೋದಲ್ಲಿ ಒಂದು ಹಳೇ ಬಸ್ಸನ್ನು ಗುಜರಿಗೆ ಹಾಕಿದ್ದರು. ಅದರ ಕಂಬವನ್ನೂ ಡ್ರೈವರ್ ಸೀಟಿನ ಮೆತ್ತೆಯನ್ನೂ ಮಗಳು ಕೇಳಿ ತಂದು ಹಿತ್ತಲಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದಳು. ಗುಂಡಿಯ ಪಕ್ಕದಲ್ಲಿ ನೆಲದಿಂದ ತೊಲೆಯವರೆಗೆ ಕಂಬ ನಿಲ್ಲಿಸಿದರೆ ಅದನ್ನು ಹಿಡಿದುಕೊಂಡು ಅವನು ತಾನೇ ಇಳಿಯಬಹುದು, ತಾನೇ ಏಳಬಹುದು.

ಅವನು ಕಂಬ ನೋಡಿದ, ಮಗಳ ಮುಖ ನೋಡಿದ, ಅವಳ ಬೆರಳಿನಿಂದ ಬಿಡಿಸಿದ್ದ ಎರಡು ಎಳೆಗಳನ್ನು ಹುಡುಕಿ ನೋಡಿದ. ಎರಡೂ ಹೊಸ ಹಾಸಿನವೇ. ಹೊಸತಿಗೆ ಹೊಸತನ್ನು ಹೊಸೆದರೆ ಅದು ಯಾವ ಕಟ್ಟಳೆಗೂ ಸೇರುವುದಿಲ್ಲ, ಯಾರ ಕೊರಳಿಗೂ ಬೀಳುವುದಿಲ್ಲ. ಹುಟ್ಟಿದಾಗಿನಿಂದ ನೂಲಿನೊಳಗೇ ಬಿದ್ದು ಹೊರಳಾಡಿದ ನೇಕಾರ ಅದನ್ನು ಮೊದಲೇ ಕಂಡಿರಲಿಲ್ಲ.

"ನಂಗೇ ಟೋಪಿ ಹಾಕ್ದೆ," ಎಂದ.

"ಮತ್ತೆ? ನಾನೂ ಇದೇ ಮನೆಯವಳು ತಾನೆ."

ವಾಂತಿಯ ವಿಷಯ ನಿಮಗೆ ಗೊತ್ತಿರಲಿಲ್ಲವಲ್ಲ ಎಂದು ಅವನು ಕೇಳಿದ. ಹೆಂಡತಿ ಕಂಬವನ್ನು ಗೋಡೆಗೆ ಒರಗಿಸಿ, ಮದುವೆಯ ದಿನ ಬಸ್ಸಿನಲ್ಲಿ ತನ್ನ ಹೊಸ ಬಟ್ಟೆಯ ಮೇಲೆ ಬಿದ್ದದ್ದು ಏನೆಂದು ತಿಳಿದಿದ್ದೀರಿ ಎಂದಳು. ಅವತ್ತು ಊಟದ ಎಣ್ಣೆ ಕೆಟ್ಟಿತ್ತು ಎಂದು ಅವನು ಹೇಳಿದ್ದ, ಅವಳು ಹೂಂ ಎಂದಿದ್ದಳು, ಆ ಹೂಂ ಇಷ್ಟು ವರ್ಷ ಹಾಗೇ ಇತ್ತು. ಬೆರಳಿಗೆ ಸುತ್ತಿದ ಬಟ್ಟೆಯ ಸಂಗತಿ ಮಾತ್ರ ಅವಳಿಗೂ ಹೊಸತು. ಮಾವ ಟೀ ಅಂಗಡಿಯಲ್ಲಿ ಕೂತು ನಗುತ್ತಿದ್ದದ್ದು ಇದಕ್ಕೇನಾ ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಂಜೆಯವರೆಗೆ ಮೂವರೂ ಕೂತು ಮಿಕ್ಕ ಎಳೆಗಳನ್ನು ಹೊಸೆದರು. ಅಜ್ಜಿ ಮನೆಗೆ ಅಟ್ಟಿಸಿಕೊಂಡು ಬೆಳೆದ ಮಗಳಿಗೆ ಕೈ ತಿರುಗದೆ, ಅವಳು ಹೊಸೆದ ಹತ್ತರಲ್ಲಿ ನಾಲ್ಕು ಬಿಚ್ಚಿಕೊಳ್ಳುತ್ತಿದ್ದವು. ಅವನು ಬೈಯುತ್ತ ಅವನ್ನು ಮತ್ತೆ ಹೊಸೆದ, ಮೂರನೆಯ ಸಲ ಅವಳ ಬೆರಳು ಹಿಡಿದು ಬೂದಿ ಎಷ್ಟು ಬೇಕೆಂದು ತೋರಿಸಿದ. ತೋರಿಸಿದ ಮೇಲೆ ತಾನೇನು ಮಾಡಿದೆ ಎಂದು ಹೊಳೆದು ಕೈ ಹಿಂದಕ್ಕೆಳೆದುಕೊಂಡ. ಮಗಳು ಅದನ್ನು ನೋಡಿದರೂ ನೋಡದವಳ ಹಾಗೆ ಇನ್ನೊಂದು ಎಳೆ ಹೊಸೆದಳು, ಅದು ಬಿಚ್ಚಲಿಲ್ಲ.

ಕಂಬ ನಿಲ್ಲಿಸಿ, ಮೆತ್ತೆ ಹಾಸಿ, ಹೊಸ ಹಾಸನ್ನು ಹಣಿಗೆಯ ಮೂಲಕ ಮುಂದಕ್ಕೆ ಎಳೆದುಕೊಂಡದ್ದಾಯಿತು. ಅವನು ಕಂಬ ಹಿಡಿದು ಒಂದೊಂದೇ ಕಾಲು ಗುಂಡಿಗೆ ಇಳಿಸಿದ. ಯಾರೂ ಕಂಕುಳಿಗೆ ಕೈಕೊಡಲಿಲ್ಲ. ಮೆತ್ತೆಯ ಮೇಲೆ ಕೂತು ಅಂಡು ಅತ್ತಿತ್ತ ಆಡಿಸಿ ನೋಡಿದ, ಸ್ಪ್ರಿಂಗು ಕಿರ್ರೆಂದಿತು. ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟ.

ಹೆಂಡತಿ ರಾಟೆಯ ಮುಂದೆ ಕೂತು ಹೊಸ ಕಂಡಿಕೆ ಎಸೆದಳು, ಈ ಸಲ ಅದು ಮಡಿಲಿಗೇ ಬಿತ್ತು. ಅವನು ಅದನ್ನು ಲಾಳಿಯೊಳಗೆ ಕೂರಿಸುತ್ತ, ಈ ಹಾಸು ಮುಗಿದ ಮೇಲೆ ಮುಂದಿನದಕ್ಕೆ ಯಾರು ಎಂದು ಗೊಣಗಿದ. ಮಗಳು ಅಂಗಳದಿಂದ ಖಾಕಿ ಅಂಗಿ ತೆಗೆದು ಮಡಚುತ್ತ ಬಾಗಿಲಲ್ಲಿ ನಿಂತಿದ್ದಳು.

"ಅದಕ್ಕೂ ನೀನೇ. ಅದರ ಮುಂದಿನದಕ್ಕೂ ನೀನೇ. ನಂಗೆ ಬಸ್ಸು ಸಾಕು ಅನ್ನಿಸಿದ ದಿನ ನಾನು ಬಾಯಿ ಬಿಟ್ಟು ಹೇಳಲ್ಲ ಅಪ್ಪ, ನೀನೇ ನನ್ನ ಮುಖ ನೋಡಿ ತಿಳ್ಕೋ. ತಿಳ್ಕೊಂಡು ಬೆರಳಿಗೆ ಬಟ್ಟೆ ಸುತ್ಕೊಂಡು ಬಾ."

ಅವನು ತಲೆಯಾಡಿಸಿ ಹಗ್ಗ ಜಗ್ಗಿದ, ಲಾಳಿ ಆ ಕಡೆಗೆ ಹೋಯಿತು.